ಸ ಬೇರೆಯವರದು, ನನ್ನದು ಪ

ವರ್ಜೀನಿಯಾದ ಶೆನಾಂಡೋವಾ ಕಣಿವೆಯಲ್ಲಿ ನಮ್ಮದೊಂದು ನಾಲ್ಕು ಜನರ ಹಾಡುವ ಗುಂಪಿದೆ. ಅದರಲ್ಲಿ ಬ್ಯಾರಿಟೋನ್, ಅಂದರೆ ಗಂಡಸರ ನಡುವಿನ ದನಿ, ನಾನು. ಹಾಡುವುದು ಜಾಸ್ತಿ ಸ್ಟ್ಯಾಟ್ಲರ್ ಬ್ರದರ್ಸ್ ಹಾಡುಗಳನ್ನೇ. ಚರ್ಚಿನ ಹಾಲ್, ವೃದ್ಧಾಶ್ರಮ, ಬೇಸಿಗೆಯಲ್ಲಿ ಕೌಂಟಿ ಫೇರ್, ಇವೇ ನಮ್ಮ ವೇದಿಕೆಗಳು. ಮೈಸೂರಿನಲ್ಲಿ ಸರಳೆ, ಜಂಟಿಯಿಂದ ಶುರುಮಾಡಿ ವರ್ಣದವರೆಗೆ ಕಲಿತವನು ಅಮೆರಿಕದ ಕಂಟ್ರಿ ಹಾಡಿಗೆ ಹೇಗೆ ಬಂದೆ ಅಂತ ಊರಿಗೆ ಹೋದಾಗಲೆಲ್ಲ ಯಾರಾದರೂ ಕೇಳುತ್ತಾರೆ. ಸೇರಿದ್ದೇನೋ ಸುಲಭ. ಪಕ್ಕದ ಮನೆಯವರ ಗುಂಪಿನಲ್ಲಿ ಒಂದು ದನಿ ಕಡಿಮೆಯಾಗಿತ್ತು. ನಾನು ಶ್ರುತಿ ಬಿಡದೆ ಹಾಡುತ್ತೇನೆ ಅನ್ನುವುದು ಅವರಿಗೆ ಗೊತ್ತಿತ್ತು. ಕಷ್ಟ ಶುರುವಾಗಿದ್ದು ಆಮೇಲೆ.

ನಮ್ಮ ಕಡೆ ಕಂಟ್ರಿ ಅಂದರೆ ಜಾನ್ ಡೆನ್ವರ್, ಹೆಚ್ಚೆಂದರೆ ಜಾನಿ ಕ್ಯಾಶ್. ಹಾಗಾಗಿ ಸ್ಟ್ಯಾಟ್ಲರ್ ಬ್ರದರ್ಸ್ ಯಾರು ಅಂತ ಹೇಳಬೇಕು. ಅವರು ಇದೇ ಕಣಿವೆಯ ಸ್ಟ್ಯಾಂಟನ್ ಎಂಬ ಸಣ್ಣ ಊರಿನವರು. 1955ರಲ್ಲಿ ಚರ್ಚಿನಲ್ಲಿ ಗಾಸ್ಪೆಲ್ (ಕ್ರೈಸ್ತ ಭಕ್ತಿಗೀತೆ) ಹಾಡುವ ಹುಡುಗರಾಗಿ ಶುರುಮಾಡಿದರು. ಬೇಸ್ ಹೆರಾಲ್ಡ್ ರೀಡ್, ಬ್ಯಾರಿಟೋನ್ ಫಿಲ್ ಬಾಲ್ಸ್‌ಲಿ, ಟೆನರ್ ಲ್ಯೂ ಡಿವಿಟ್. ಕೆಲವು ವರ್ಷದ ನಂತರ ಹೆರಾಲ್ಡ್ ಅವರ ತಮ್ಮ ಡಾನ್ ಸೇರಿ ಲೀಡ್ ಹಾಡತೊಡಗಿದರು. ಬ್ರದರ್ಸ್ ಅಂತ ಹೆಸರಿದ್ದರೂ ಅಣ್ಣತಮ್ಮ ಅವರಿಬ್ಬರೇ. ಸ್ಟ್ಯಾಟ್ಲರ್ ಅನ್ನುವವರಂತೂ ಯಾರೂ ಇಲ್ಲ! ಮೊದಲು ಕಿಂಗ್ಸ್‌ಮೆನ್ ಅಂತ ಹಾಡುತ್ತಿದ್ದರು. ಅದೇ ಹೆಸರಿನ ರಾಕ್ ಗುಂಪು ಹೆಸರು ಮಾಡಿದಾಗ ಇವರು ಬೇರೆ ಹೆಸರು ಹುಡುಕಬೇಕಾಯಿತು. ಹೋಟೆಲ್ ರೂಮಿನಲ್ಲಿದ್ದ ಟಿಶ್ಯೂ ಪೇಪರ್ ಡಬ್ಬಿಯ ಮೇಲೆ ಸ್ಟ್ಯಾಟ್ಲರ್ ಅಂತಿತ್ತು, ಅದನ್ನೇ ಇಟ್ಟುಕೊಂಡರು. 2002ರಲ್ಲಿ ನಿಲ್ಲಿಸುವವರೆಗೂ ಅದೇ ಹೆಸರು.

ಈಗ ನನ್ನ ಕಷ್ಟಕ್ಕೆ ಬರುತ್ತೇನೆ. ನಮ್ಮ ಸಂಗೀತದಲ್ಲಿ ಎಷ್ಟೇ ಜನ ಸೇರಿ ಹಾಡಲಿ, ಹಾಡುವುದು ಒಂದೇ ಧಾಟಿ. ಭಜನೆಯಲ್ಲಿ ನೂರು ಜನ ಕೂತರೂ ಅಷ್ಟೇ. ಗಂಡಸರು ಒಂದು ಸ್ಥಾಯಿ ಕೆಳಗೆ ಹಾಡಬಹುದು, ಸ್ವರ ಮಾತ್ರ ಅದೇ. ಇಲ್ಲಿ ಒಂದೇ ಪದವನ್ನು ಒಂದೇ ಹೊತ್ತಿಗೆ ನಾಲ್ಕು ಜನ ನಾಲ್ಕು ಸ್ವರದಲ್ಲಿ ಹೇಳಬೇಕು. ಲೀಡ್‌ನವರು ಹಾಡಿನ ಧಾಟಿ ಹಿಡಿಯುತ್ತಾರೆ. ಟೆನರ್ ಅದರ ಮೇಲೆ. ಬೇಸ್ ಎಲ್ಲರಿಗಿಂತ ಕೆಳಗೆ, ಕಂಬದ ಹಾಗೆ. ಬ್ಯಾರಿಟೋನ್‌ಗೆ ಸಿಗುವುದು ಮೂವರೂ ಆರಿಸಿಕೊಂಡ ಮೇಲೆ ಉಳಿದ ಸ್ವರ.

ಸ್ವರ ಹಾಕಿಯೇ ತೋರಿಸುತ್ತೇನೆ. ಶಂಕರಾಭರಣದ ಸ್ವರಗಳು ಅಂತ ಇಟ್ಟುಕೊಳ್ಳಿ. ಲೀಡ್ ಮೇಲಿನ ಸ ಹಿಡಿದರೆ ಟೆನರ್ ಅದರ ಮೇಲಿನ ಗ, ನಾನು ಕೆಳಗಿನ ಪ, ಬೇಸ್ ಇನ್ನೂ ಕೆಳಗಿನ ಸ. ಹೀಗೆ ಒಟ್ಟಿಗೆ ಕೇಳುವ ಸ್ವರಗಳ ಗುಂಪಿಗೆ ಇಲ್ಲಿ ಕಾರ್ಡ್ ಅಂತಾರೆ. ಆ ಕಾರ್ಡ್ ಬದಲಾಯಿತು ಅನ್ನಿ. ಲೀಡ್ ಸ ಬಿಡುವುದಿಲ್ಲ. ಟೆನರ್ ಗ ಇಂದ ಮ ಗೆ ಹೋಗುತ್ತಾರೆ, ನಾನು ಪ ಇಂದ ದ ಗೆ, ಬೇಸ್ ಮ ಗೆ. ಮುಂದಿನ ಕಾರ್ಡ್‌ನಲ್ಲಿ ಲೀಡ್ ರಿ, ಟೆನರ್ ಪ, ನಾನು ನಿ, ಬೇಸ್ ಕೆಳಗಿನ ಪ. ಇಲ್ಲಿಯವರೆಗೆ ಏನೂ ತೊಂದರೆ ಇಲ್ಲ. ಪ ದ ನಿ ಅಂತ ಮೆಟ್ಟಿಲು ಹತ್ತಿದ ಹಾಗೆ ಹೋಗುತ್ತದೆ. ಸಾಲು ಮುಗಿಯುವಾಗ ಸಿಕ್ಕಿಬೀಳುತ್ತಿದ್ದೆ. ಲೀಡ್ ರಿ ಇಂದ ಸ ಗೆ ಇಳಿಯುತ್ತಾರೆ. ನಾನು ನಿ ಮೇಲೆ ನಿಂತಿದ್ದೇನೆ. ಹತ್ತು ವರ್ಷ ಪಾಠ ಹೇಳಿಸಿಕೊಂಡ ಗಂಟಲು ನಿ ಆದ ಮೇಲೆ ಎಲ್ಲಿಗೆ ಹೋಗುತ್ತದೆ ಹೇಳಿ? ಸ ಗೇ ಅಲ್ವಾ! ಆದರೆ ಸ ಆಗಲೇ ಲೀಡ್‌ನವರ ಪಾಲಾಗಿದೆ. ನಾನೂ ಅಲ್ಲಿಗೇ ಹೋದರೆ ಕಾರ್ಡ್‌ನಲ್ಲಿ ಪ ಹಾಡುವವರೇ ಇಲ್ಲ, ಹಾಡು ಸಪ್ಪೆಯಾಗುತ್ತದೆ. ಹಾಗಾಗಿ ನಿ ಇಂದ ಹಿಂದಕ್ಕೆ ಪ ಗೆ ಇಳಿಯಬೇಕು. ಊರ ಬಾಗಿಲಿಗೆ ಬಂದು ವಾಪಸ್ ಹೋದ ಹಾಗೆ. ಪ್ರತಿ ಸಾಲಿಗೂ ಹೀಗೇ.

ಮೊದಮೊದಲು ಲೀಡ್‌ನವರ ಪಕ್ಕದಲ್ಲಿ ನಿಂತರೆ ಎರಡನೇ ಸಾಲಿಗೇ ಅವರ ಧಾಟಿಗೆ ಜಾರಿಬಿಡುತ್ತಿದ್ದೆ. ನಮ್ಮ ಬೇಸ್ ಹಾಡುವ ಅಜ್ಜ (ಟರ್ಕಿ ಫಾರ್ಮ್ ಇಟ್ಟುಕೊಂಡಿದ್ದವರು, ಎಂಬತ್ತು ದಾಟಿದೆ) ನನ್ನನ್ನು ಎಳೆದು ತಮ್ಮ ಪಕ್ಕ ನಿಲ್ಲಿಸಿಕೊಂಡರು. "ಅವನ ಬಾಯಿ ನೋಡಬೇಡ, ನನ್ನ ಸದ್ದು ಕೇಳು" ಅಂದರು. ಬೇಸ್ ಕೇಳಿಸಿಕೊಂಡು ಹಾಡಿದರೆ ಬ್ಯಾರಿಟೋನ್‌ಗೆ ಕಾಲೂರಲು ನೆಲ ಸಿಗುತ್ತದೆ. ತಂಬೂರಿ ಕೇಳಿಸಿಕೊಂಡು ಹಾಡುವುದಕ್ಕೆ ಅದು ತುಂಬ ಹತ್ತಿರ. ಇಲ್ಲಿಯ ತಂಬೂರಿ ಮಾತ್ರ ಜಾಗ ಬದಲಾಯಿಸುತ್ತಾ ಇರುತ್ತದೆ, ಅಷ್ಟೇ.

ಅಭ್ಯಾಸಕ್ಕೆ ನಾನು ಮಾಡಿಕೊಂಡ ದಾರಿ ಸರಳ. ಮೊದಲು ನನ್ನ ಸಾಲನ್ನು ಸ್ವರ ಹಾಕಿ ಕನ್ನಡದಲ್ಲೇ ಬರೆದುಕೊಂಡೆ. ಅವರ ಸ್ಟಾಫ್ ನೊಟೇಶನ್ ಓದುವುದು ಈಗಲೂ ನನಗೆ ನಿಧಾನ. ಆಮೇಲೆ ಅದನ್ನೇ ಒಂದು ಬಿಡಿ ಹಾಡು ಅಂತ ಕಲಿತೆ. ಸುಮ್ನೆ ಕೇಳಿದರೆ ಬ್ಯಾರಿಟೋನ್ ಸಾಲಿಗೆ ತಲೆಬುಡ ಇರುವುದಿಲ್ಲ. ಎರಡು ಸ್ವರದಲ್ಲೇ ಸುತ್ತಿ ಸುತ್ತಿ, ಇದ್ದಕ್ಕಿದ್ದಂತೆ ಒಂದು ಕಡೆ ಹಾರುತ್ತದೆ. ನನ್ನ ಹೆಂಡತಿ ಅಡುಗೆಮನೆಯಿಂದ "ಇದ್ಯಾವ ಹಾಡು, ಸೂತಕದ ಮನೇದಾ?" ಅಂತ ಕೇಳಿದ್ದಳು. ಸಾಲು ಬಾಯಿಗೆ ಬಂದ ಮೇಲೆ ಕಾರಿನಲ್ಲಿ ಮೂಲ ಹಾಡನ್ನು ಸಣ್ಣಗೆ ಹಾಕಿಕೊಂಡು ಅದರ ಜೊತೆ ಹಾಡಿದೆ. ದಿನದಿನಕ್ಕೆ ವಾಲ್ಯೂಮ್ ಏರಿಸುತ್ತಾ ಹೋದೆ. ಡಾನ್ ರೀಡ್ ಅವರ ದನಿ ಪೂರ್ತಿ ಜೋರಾಗಿ ಕಿವಿಗೆ ಬೀಳುತ್ತಿದ್ದರೂ ಜಾರದೆ ಹಾಡಲು ಬಂದಾಗ ಆ ಹಾಡು ಕೈವಶ ಆಯಿತು ಅಂತ ಲೆಕ್ಕ.

ಬಿಡಬೇಕಾದದ್ದು ಗಮಕ. ನನಗೆ ಗೊತ್ತಿಲ್ಲದೆಯೇ ನಿ ತೂಗುತ್ತಿತ್ತು. ಒಬ್ಬರೇ ಹಾಡುವಾಗ ಅದು ಚೆಂದ. ನಾಲ್ವರಲ್ಲಿ ಒಬ್ಬರ ಸ್ವರ ಅಲುಗಾಡಿದರೂ ಕಾರ್ಡ್ ಕಲಸಿಹೋಗುತ್ತದೆ. ಹಾಗಂತ ಕಲಿತದ್ದೆಲ್ಲ ದಂಡವಾಗಲಿಲ್ಲ. ತಂಬೂರಿಯ ಮಂದ್ರ ಷಡ್ಜ ಮೀಟಿದಾಗ ತಾನಾಗೇ ಒಂದು ಅಂತರ ಗಾಂಧಾರ (ಶಂಕರಾಭರಣದ ಗ) ಕೇಳುತ್ತದಲ್ಲ, ಅದು ಪಿಯಾನೋದ ಗಾಂಧಾರಕ್ಕಿಂತ ಒಂದು ಕೂದಲೆಳೆ ಕೆಳಗೆ. ವಾದ್ಯ ಇಲ್ಲದೆ ನಾಲ್ವರು ಹಾಡುವಾಗ ಬೇಕಾದದ್ದು ಆ ಗಾಂಧಾರವೇ. ಅದು ಸರಿಯಾಗಿ ಕೂತರೆ ನಾಲ್ಕು ದನಿಯ ಮೇಲೆ ಯಾರೂ ಹಾಡದ ಇನ್ನೊಂದು ದನಿ ಗುಂಯ್ ಅನ್ನುತ್ತದೆ. ನಮ್ಮ ಆಗಿನ ಟೆನರ್ ಪಿಯಾನೋ ಇಟ್ಟುಕೊಂಡು ಅಭ್ಯಾಸ ಮಾಡಿದವರು, ಗಾಂಧಾರ ಯಾವಾಗಲೂ ಒಂಚೂರು ಏರು. ನಾನು ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿ ಕೇಳಿಸಿದೆ. ಮುಂದಿನ ವಾರದಿಂದ ಚರ್ಚಿನ ಹಾಲಿನಲ್ಲಿ ರಿಹರ್ಸಲ್ ಶುರುವಾಗುವುದೇ ತಂಬೂರಿಯಿಂದ! ಗಿಟಾರ್ ಸೇರಿದ ಮೇಲೆ ಈ ಸೂಕ್ಷ್ಮ ಅಷ್ಟು ನಿಲ್ಲುವುದಿಲ್ಲ, ಆದರೂ ಕಿವಿ ಚುರುಕಾಗುತ್ತದೆ.

ಬ್ಯಾರಿಟೋನ್ ಆದ ಮೇಲೆ ಸ್ವಾಭಾವಿಕವಾಗಿ ಫಿಲ್ ಬಾಲ್ಸ್‌ಲಿ ಮೇಲೆ ಕಣ್ಣು ಬಿತ್ತು. ಹಳೆಯ ವಿಡಿಯೋಗಳಲ್ಲಿ ಹೆರಾಲ್ಡ್ ಜೋಕು ಹೊಡೆಯುತ್ತಾರೆ, ಡಾನ್ ಮಾತು ಮುಂದುವರಿಸುತ್ತಾರೆ, ಫಿಲ್ ಬಾಯಿ ಬಿಡುವುದೇ ಅಪರೂಪ. ಅವರಿಗೆ 'ದ ಕ್ವಯೆಟ್ ಒನ್' ಅಂತಲೇ ಅಡ್ಡಹೆಸರು. ಆದರೆ ಸಾಲಿನ ಕೊನೆಯಲ್ಲಿ ನಾಲ್ವರೂ ದನಿ ಎಳೆಯುವಾಗ ಕಿವಿಯಿಟ್ಟು ಕೇಳಿ. ಅವರ ದನಿ ಬೇರೆಯಾಗಿ ಸಿಗುವುದಿಲ್ಲ. ಸಿಕ್ಕರೆ ಕೆಲಸ ಕೆಟ್ಟಿದೆ ಅಂತ ಅರ್ಥ. ಕಚೇರಿಯಲ್ಲಿ ಹೆಸರು ಮಾಡಬೇಕು ಅನ್ನುವ ಆಸೆಯಿಂದ ಸಂಗೀತ ಕಲಿತವರಿಗೆ ಇದು ನುಂಗಲಾರದ ತುತ್ತು. ನನಗೆ ಕಾಲ ಹೋದಂತೆ ಹಿಡಿಸಿತು.

ಅಜ್ಜನ ಬಾಯಲ್ಲಿ ಸ್ಟ್ಯಾಟ್ಲರ್ ಬ್ರದರ್ಸ್ ಕಥೆಗಳು ಮುಗಿಯುವುದೇ ಇಲ್ಲ. 1964ರಲ್ಲಿ ಜಾನಿ ಕ್ಯಾಶ್ ಇವರನ್ನು ತಮ್ಮ ತಂಡಕ್ಕೆ ಸೇರಿಸಿಕೊಂಡರು. ಎಂಟು ವರ್ಷ ಅವರ ಜೊತೆ ಊರೂರು ಸುತ್ತಿದರು. ಕ್ಯಾಶ್ ಬರುವ ಮೊದಲು ಹಾಡಿ ಜನರನ್ನು ಹದ ಮಾಡುವುದು, ಆಮೇಲೆ ಅವರ ಹಿಂದೆ ನಿಂತು ದನಿ ಕೊಡುವುದು. 1968ರಲ್ಲಿ ಫಾಲ್ಸಮ್ ಜೈಲಿನ ಕೈದಿಗಳ ಮುಂದೆ ಕ್ಯಾಶ್ ಹಾಡಿದಾಗಲೂ ಇವರು ಜೊತೆಗಿದ್ದರು. ತಮಾಷೆ ಅಂದರೆ, ಸೇರಿದ ಮರುವರ್ಷವೇ ಲ್ಯೂ ಡಿವಿಟ್ ಬರೆದ 'ಫ್ಲವರ್ಸ್ ಆನ್ ದ ವಾಲ್' ಭಾರಿ ಹಿಟ್ ಆಗಿತ್ತು. ಕಂಟ್ರಿ ಪಟ್ಟಿಯಲ್ಲಿ 2ನೇ ಸ್ಥಾನ, ಪಾಪ್ ಪಟ್ಟಿಯಲ್ಲೂ 4ನೇ ಸ್ಥಾನ. 1966ರ ಗ್ರ್ಯಾಮಿಯಲ್ಲಿ ಗುಂಪು ಗಾಯನದ ಒಂದು ವಿಭಾಗದಲ್ಲಿ ಬೀಟಲ್ಸ್‌ನವರನ್ನೇ ಹಿಂದೆ ಹಾಕಿದರು. ಇಷ್ಟಾದರೂ ಕ್ಯಾಶ್ ತಂಡ ಬಿಟ್ಟಿದ್ದು 1972ರಲ್ಲಿ. ಒಂದು ಹಾಡು ಓಡಿತು ಅಂತ ಓಡಿಹೋಗಲಿಲ್ಲ. ನನಗೆ ಅವರ ವೃತ್ತಿಯಲ್ಲಿ ಎಲ್ಲಕ್ಕಿಂತ ಜಾಣ ನಡೆ ಇದೇ ಅನ್ನಿಸುತ್ತದೆ. ಆಮೇಲೆ ಕಂಟ್ರಿ ಮ್ಯೂಸಿಕ್ ಅಸೋಸಿಯೇಶನ್ನಿನ ವರ್ಷದ ಅತ್ಯುತ್ತಮ ಗಾಯನ ಗುಂಪು ಎಂಬ ಪ್ರಶಸ್ತಿ ಒಟ್ಟು 9 ಸಲ ಬಂತು.

ಇನ್ನೊಂದು ವಿಷಯ, ಅವರು ಊರು ಬಿಡಲಿಲ್ಲ. ಕಂಟ್ರಿ ಹಾಡುವವರೆಲ್ಲ ನ್ಯಾಶ್‌ವಿಲ್‌ಗೆ ಗಂಟುಮೂಟೆ ಕಟ್ಟುವ ಕಾಲದಲ್ಲಿ ಇವರು ರೆಕಾರ್ಡಿಂಗ್‌ಗೆ ಅಲ್ಲಿಗೆ ಹೋಗಿ ಸ್ಟ್ಯಾಂಟನ್‌ಗೆ ವಾಪಸ್ ಬರುತ್ತಿದ್ದರು. ತಾವು ಓದಿದ ಹಳೆಯ ಪ್ರೈಮರಿ ಸ್ಕೂಲ್ ಕಟ್ಟಡವನ್ನೇ ಕೊಂಡು ಆಫೀಸ್ ಮಾಡಿಕೊಂಡರು. 1970ರಿಂದ 25 ವರ್ಷ ಪ್ರತಿ ಜುಲೈ 4ಕ್ಕೆ ಅಲ್ಲಿನ ಜಿಪ್ಸಿ ಹಿಲ್ ಪಾರ್ಕಿನಲ್ಲಿ ಪುಕ್ಕಟೆ ಕಾರ್ಯಕ್ರಮ. ಊರ ಜಾತ್ರೆಯೇ ಅನ್ನಿ. ನಮ್ಮ ಅಜ್ಜ ಬೆಳಿಗ್ಗೆಯೇ ಹೋಗಿ ಹುಲ್ಲಿನ ಮೇಲೆ ಮಡಚುವ ಕುರ್ಚಿ ಹಾಕಿ ಜಾಗ ಹಿಡಿಯುತ್ತಿದ್ದರಂತೆ.

ಮೂರು ವರ್ಷದ ಕೆಳಗೆ ನಮ್ಮ ಟೆನರ್ ರಿಟೈರ್ ಆಗಿ ಫ್ಲಾರಿಡಾಕ್ಕೆ ಹೋದರು. ಗುಂಪು ಮುಗಿಯಿತು ಅಂದುಕೊಂಡೆವು. ಆಗ ಸಹಜವಾಗಿ ಲ್ಯೂ ಡಿವಿಟ್ ಅವರ ಮಾತು ಬಂತು. ಅವರಿಗೆ ಕ್ರೋನ್ಸ್ ಎಂಬ ಕರುಳಿನ ಕಾಯಿಲೆ ಇತ್ತು. ತಿರುಗಾಟ ಕಷ್ಟವಾಗಿ 1982ರಲ್ಲಿ ಗುಂಪು ಬಿಟ್ಟರು. ತಮ್ಮ ಜಾಗಕ್ಕೆ ಜಿಮ್ಮಿ ಫಾರ್ಚೂನ್ ಎಂಬ ಹುಡುಗನ ಹೆಸರು ಹೇಳಿದ್ದೂ ಅವರೇ. ಸ್ಕೀ ರೆಸಾರ್ಟ್ ಒಂದರಲ್ಲಿ ಅವನ ಹಾಡು ಕೇಳಿದ್ದರಂತೆ. ಹೊಸಬ ತಾನೇ ಬರೆದ 'ಎಲಿಜಬೆತ್' 1984ರಲ್ಲಿ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು. ಲ್ಯೂ 1990ರಲ್ಲಿ ತೀರಿಕೊಂಡರು. ಅಷ್ಟು ದೀರ್ಘ ಕಾಲದಲ್ಲಿ, ಪ್ರಸಿದ್ಧಿ ಬಂದ ಮೇಲೆ, ಆ ಗುಂಪಿನಲ್ಲಿ ಆದ ಬದಲಾವಣೆ ಅದೊಂದೇ.

ನಮಗೆ ಸಿಕ್ಕಿದ್ದು ಕಾಲೇಜಿಗೆ ಹೋಗುವ ಹುಡುಗಿ. ಚರ್ಚಿನಲ್ಲಿ ಆಲ್ಟೋ (ಹೆಂಗಸರ ಕೆಳಗಿನ ದನಿ) ಹಾಡುತ್ತಿದ್ದಳು. ಗಂಡಸರ ಟೆನರ್ ಮೇಲೆ ಹೋಗಿ ಕಿರುಚಾಟವಾಗುವ ಜಾಗ ಅವಳಿಗೆ ನೀರು ಕುಡಿದಷ್ಟು ಸಲೀಸು. ಹೊಸ ತಲೆನೋವು ನನ್ನದೇ. 'ಎಲಿಜಬೆತ್' ಥರದ ಹಾಡಿನಲ್ಲಿ ಧಾಟಿ ಹಿಡಿಯುವುದು ಟೆನರ್. ಆಗ ಲೀಡ್‌ನವರು ಕೆಳಗೆ ಬಂದು ಜೊತೆ ಸ್ವರ ಹಾಡಬೇಕು, ಬಂದವರು ನನ್ನ ಸ್ವರಕ್ಕೇ ಕೈ ಹಾಕುತ್ತಾರೆ. ಅಲ್ಲಿಗೆ ನಾನು ಬರೆದಿಟ್ಟ ಸಾಲು ಕಸದ ಬುಟ್ಟಿಗೆ. ಒಂದು ಸಂಜೆ ಕೂತು ಯಾರು ಯಾವ ಪದಕ್ಕೆ ಯಾವ ಸ್ವರ ಅಂತ ಅಂಗೈಯಗಲದ ಚೀಟಿಗಳಲ್ಲಿ ಬರೆದು ಟೇಬಲ್ ಮೇಲೆ ಹರಡಿದೆವು. ಪಾಟ್‌ಲಕ್‌ಗೆ (ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಊಟ) ಅಂತ ನಾನು ತಂದಿದ್ದ ಚಿತ್ರಾನ್ನ ತಿನ್ನುತ್ತಾ ಮಧ್ಯರಾತ್ರಿವರೆಗೆ ಜಗಳವಾಡಿ ಹಂಚಿಕೊಂಡೆವು. ನನಗೆ ಮತ್ತೆ ಉಳಿದದ್ದೇ ಸಿಕ್ಕಿತು, ಈ ಸಲ ಲೀಡ್‌ಗಿಂತ ಮೇಲಿನ ಎರಡು ಸ್ವರ ಬೋನಸ್!

ಈಗ ಅವಳ ದನಿಗೆ ಅಂತ ಶ್ರುತಿಯನ್ನು ಹಾರ್ಮೋನಿಯಂ ಲೆಕ್ಕದಲ್ಲಿ ಒಂದು ಮನೆಯಿಂದ ಒಂದೂವರೆ ಮನೆಗೆ ಏರಿಸಿದ್ದೇವೆ. ನನಗೆ ಆರಾಮು. ಕೆಳಗಿನ ಸ್ವರ ಹಾಡಿ ಹೆಂಗಸರನ್ನು ನಗಿಸುವುದೇ ತಮ್ಮ ಸಂಬಳ ಅನ್ನುವ ಅಜ್ಜನಿಗೆ ಮಾತ್ರ ಸಿಟ್ಟು ಇಳಿದಿಲ್ಲ. ಮುಂದಿನ ಕೌಂಟಿ ಫೇರ್‌ನಲ್ಲಿ ಎರಡು ಹಾಡಾದರೂ ಹಳೇ ಶ್ರುತಿಯಲ್ಲೇ ಇರಬೇಕು ಅಂತ ಪಟ್ಟು ಹಿಡಿದು ಕೂತಿದ್ದಾರೆ. ಯಾವ ಎರಡು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.