ಡ್ರೈನಿನಲ್ಲಿ ಕಂಡ ಒಂದಿಷ್ಟು ರಕ್ತ

ಮೇದೋಜೀರಕ ಗ್ರಂಥಿಯ ತಲೆಭಾಗದ ಗಡ್ಡೆಗೆ ವಿಪ್ಪಲ್ ಆಪರೇಷನ್ (ಆ ಭಾಗವನ್ನು ತೆಗೆದು, ಉಳಿದ ಗ್ರಂಥಿಯನ್ನೂ ಪಿತ್ತನಾಳವನ್ನೂ ಕರುಳಿಗೆ ಜೋಡಿಸುವುದು) ಆಗಿ ಹನ್ನೊಂದನೇ ದಿನ. ಸರ್ಜನ್ ರೇಡಿಯಾಲಜಿಸ್ಟ್ ಆದ ನನಗೆ ಫೋನ್ ಮಾಡಿ, "ಮೇಡಂ, ಬೆಳಿಗ್ಗೆ ಡ್ರೈನಿನಲ್ಲಿ ಸ್ವಲ್ಪ ರಕ್ತ ಬಂತು, ಈಗ ನಿಂತಿದೆ. ಒಂದು ಸಿ.ಟಿ. ಮಾಡಿಬಿಡೋಣ್ವಾ?" ಎಂದರು. ಡ್ರೈನ್ ಎಂದರೆ ಹೊಟ್ಟೆಯೊಳಗಿನ ದ್ರವ ಹೊರಬರಲು ಇಟ್ಟ ಕೊಳವೆ. ರೋಗಿಯ ಬಿ.ಪಿ., ನಾಡಿ ಎರಡೂ ಸರಿಯಾಗಿದ್ದವು. ಆದರೂ "ಈಗಲೇ ಕಳಿಸಿ ಸರ್" ಎಂದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥದೇ ರೋಗಿಗೆ ವೀನಸ್ ಫೇಸ್ (ಕಾಂಟ್ರಾಸ್ಟ್, ಅಂದರೆ ಸ್ಕ್ಯಾನಿನಲ್ಲಿ ಬೆಳ್ಳಗೆ ಕಾಣುವ ಔಷಧ, ಅಭಿಧಮನಿಗಳಿಗೆ ತಲುಪಿದಾಗಿನ ಚಿತ್ರ) ಒಂದನ್ನೇ ತೆಗೆದು, 'ದ್ರವ ಸಂಗ್ರಹ' ಎಂದಷ್ಟೇ ರಿಪೋರ್ಟ್ ಬರೆದಿದ್ದೆ. ಮರುದಿನ ರಾತ್ರಿ ಅವರಿಗೆ ಭಾರೀ ರಕ್ತಸ್ರಾವವಾಯಿತು. ಆ ಸಂಕಟ ಇಂದಿಗೂ ಹೋಗಿಲ್ಲ.

ಈ ಆಪರೇಷನ್‌ನಲ್ಲಿ ಹೆಪಾಟಿಕ್ (ಯಕೃತ್ತಿನ) ಅಪಧಮನಿಯಿಂದ ಕವಲೊಡೆಯುವ ಗ್ಯಾಸ್ಟ್ರೋಡ್ಯುವೋಡಿನಲ್ ಅಪಧಮನಿಯನ್ನು ಕಟ್ಟಿ ಕತ್ತರಿಸುತ್ತಾರೆ, ಅದರ ಮೋಟು ತುದಿ ಉಳಿಯುತ್ತದೆ. ಗ್ರಂಥಿಯನ್ನು ಕರುಳಿಗೆ ಜೋಡಿಸಿದ ಜಾಗ ಸೋರಿದರೆ ಜೀರ್ಣರಸ ಆ ತುದಿಯ ಗೋಡೆಯನ್ನು ಸವೆಸುತ್ತದೆ. ಅಲ್ಲಿ ಸ್ಯೂಡೋಅನ್ಯೂರಿಸಂ, ಅಂದರೆ ಸವೆದ ಗೋಡೆಯ ಹೊರಗೆ ರಕ್ತ ತುಂಬಿದ ಚೀಲ, ಉಬ್ಬುತ್ತದೆ. ಮೊದಲು ಒಂದಿಷ್ಟು ರಕ್ತ ಜಿನುಗಿ ನಿಲ್ಲಬಹುದು. ಕೆಲವು ಗಂಟೆ ಅಥವಾ ದಿನಗಳ ನಂತರ ಒಡೆಯಬಹುದು.

ಹಾಗಾಗಿ ಬಾಯಿಯಿಂದ ಕಾಂಟ್ರಾಸ್ಟ್ ಕೊಡಲಿಲ್ಲ, ಕೊಟ್ಟರೆ ಕರುಳಿನೊಳಗಿನ ರಕ್ತಸ್ರಾವ ಮರೆಯಾಗುತ್ತದೆ. ಮೊದಲು ಪ್ಲೇನ್ (ಕಾಂಟ್ರಾಸ್ಟ್ ಇಲ್ಲದ) ಸ್ಕ್ಯಾನ್. ಆಪರೇಷನ್‌ನಲ್ಲಿ ಹಾಕಿದ ಲೋಹದ ಕ್ಲಿಪ್‌ಗಳೂ ಬೆಳ್ಳಗೇ ಕಾಣುವುದರಿಂದ ಹೋಲಿಸಿ ನೋಡಲು ಇದು ಬೇಕೇಬೇಕು. ಜೋಡಣೆಯ ಪಕ್ಕದ ದ್ರವದೊಳಗೆ ಒಂದು ಕಡೆ 60 ಎಚ್.ಯು. (ಸಿ.ಟಿ.ಯಲ್ಲಿ ಸಾಂದ್ರತೆಯ ಅಳತೆ) ಬಂತು. ಬರೀ ಸೋರಿದ ದ್ರವ ಅಷ್ಟಿರುವುದಿಲ್ಲ, ಅದು ಹೆಪ್ಪುಗಟ್ಟಿದ ರಕ್ತ. ಆಮೇಲೆ ನರಕ್ಕೆ ಕಾಂಟ್ರಾಸ್ಟ್ ಕೊಟ್ಟು ಸುಮಾರು 35 ಸೆಕೆಂಡಿಗೆ ಆರ್ಟೀರಿಯಲ್ (ಅಪಧಮನಿಗಳು ತುಂಬಿದಾಗಿನ), 70 ಸೆಕೆಂಡಿಗೆ ವೀನಸ್ ಫೇಸ್.

ಸೀಲಿಯಾಕ್‌ನಿಂದ (ಅಯೋರ್ಟಾ ಎಂಬ ಮಹಾಪಧಮನಿಯ ಕವಲು) ಹೊರಟು ಹೆಪಾಟಿಕ್ ಅಪಧಮನಿಯ ಗುಂಟ ಒಂದೊಂದೇ ಸ್ಲೈಸ್ ನೋಡುತ್ತಾ ಬಂದೆ. ಮೋಟು ತುದಿಯಲ್ಲಿ 6 ಮಿ.ಮೀ. ಉಬ್ಬು! ವೀನಸ್ ಫೇಸಿನಲ್ಲಿ ಅದು ಅಯೋರ್ಟಾದಂತೆಯೇ ಮಂಕಾಯಿತು, ಆಕಾರ ಬದಲಾಗಲಿಲ್ಲ. ರಕ್ತ ಹೊರಗೆ ಹರಿಯುತ್ತಿದ್ದರೆ ಹರಡಿಕೊಳ್ಳುತ್ತಿತ್ತು.

ಯಕೃತ್ತಿನ ಕೆಳಗೆ ಇನ್ನೊಂದು ದ್ರವದ ಚೀಲ ಕಂಡಿತು. ಕೀವೆಂದು ಬರೆಯುವ ಮುನ್ನ ಕೊರೋನಲ್ (ಮುಂದಿನಿಂದ ನೋಡಿದಂತಿರುವ) ಚಿತ್ರದಲ್ಲಿ ಕರುಳಿನ ಮಡಿಕೆಗಳನ್ನು ಹುಡುಕಿದೆ, ಅದು ಜೋಡಿಸಿದ ಕರುಳೇ ಆಗಿತ್ತು. ಪಿತ್ತನಾಳದ ಗಾಳಿಯೂ ಈ ಆಪರೇಷನ್ ನಂತರ ಸಹಜ. ಫಿಸ್ಟುಲಾ (ಗ್ರಂಥಿಯ ಜೋಡಣೆಯ ಸೋರಿಕೆ) ಇದೆಯೇ ಎಂಬುದನ್ನು ಸಿ.ಟಿ. ಒಂದೇ ಹೇಳಲಾರದು, ಮೂರನೇ ದಿನದಿಂದಾಚೆ ಡ್ರೈನಿನ ದ್ರವದ ಅಮೈಲೇಸ್ (ಗ್ರಂಥಿಯ ಜೀರ್ಣಕಿಣ್ವ) ರಕ್ತದ ಗರಿಷ್ಠ ಸಹಜ ಮಟ್ಟದ 3 ಪಟ್ಟು ದಾಟಿದೆಯೇ, ರೋಗಿಯ ಸ್ಥಿತಿ ಹೇಗಿದೆ ಎಂದು ಸರ್ಜನ್‌ರನ್ನು ಕೇಳಲೇಬೇಕು.

ರಿಪೋರ್ಟ್ ಟೈಪ್ ಆಗುವವರೆಗೆ ಕಾಯದೆ ಫೋನಿನಲ್ಲೇ ತಿಳಿಸಿದೆ. ಕರುಳಿನಿಂದ ಯಕೃತ್ತಿಗೆ ರಕ್ತ ಒಯ್ಯುವ ಪೋರ್ಟಲ್ ರಕ್ತನಾಳ ತೆರೆದಿದೆ ಎಂಬುದನ್ನೂ ಸೇರಿಸಿದೆ, ಹೆಪಾಟಿಕ್ ಅಪಧಮನಿ ಮುಚ್ಚಬೇಕಾಗಿ ಬಂದರೆ ಯಕೃತ್ತಿಗೆ ಅದೇ ಆಸರೆ. ಅಂದು ಸಂಜೆಯೇ ಕವರ್ಡ್ ಸ್ಟೆಂಟ್ (ಅಪಧಮನಿಯೊಳಗೆ ಕೂರಿಸುವ, ಹೊದಿಕೆಯುಳ್ಳ ಜಾಲರಿ ಕೊಳವೆ) ಹಾಕಿದರು, ಹೆಪಾಟಿಕ್ ಅಪಧಮನಿ ಮುಚ್ಚುವ ಪ್ರಮೇಯ ಬರಲಿಲ್ಲ.