ಸ್ಟಿಕರ್ ಬೆಲೆಗಿಂತ ಕಡಿಮೆಗೆ ಒಂದು ವಿ-8: ಡಾಡ್ಜ್ ಚಾಲೆಂಜರ್ ಕೊಂಡ ನನ್ನ ಅನುಭವ

ಮಿಶಿಗನ್‌ನಲ್ಲಿ ಹೊಸ ಕಾರು ನೋಡುವುದಕ್ಕೆ ಭಾನುವಾರದಷ್ಟು ಒಳ್ಳೆಯ ದಿನ ಇನ್ನೊಂದಿಲ್ಲ. ಡೆಟ್ರಾಯಿಟ್ ಸುತ್ತಮುತ್ತಲಿನಂಥ ಜನಸಂಖ್ಯೆ ಹೆಚ್ಚಿರುವ ಕೌಂಟಿಗಳಲ್ಲಿ ಭಾನುವಾರ ಕಾರು ವ್ಯಾಪಾರ ಮಾಡುವುದನ್ನು 1953ರಷ್ಟು ಹಿಂದೆಯೇ ಕಾನೂನು ನಿಷೇಧಿಸಿದೆ. ಅಂದು ಡೀಲರ್‌ಗಳ ಬಾಗಿಲು ಮುಚ್ಚಿರುತ್ತದೆ, ಸೇಲ್ಸ್‌ಮನ್‌ಗಳು ಮನೆಯಲ್ಲಿರುತ್ತಾರೆ, ಕಾರುಗಳು ಮಾತ್ರ ಬಯಲಿನಲ್ಲಿ ಸಾಲಾಗಿ ನಿಂತಿರುತ್ತವೆ. ಯಾರ ಒತ್ತಾಯವೂ ಇಲ್ಲದೆ ಒಂದೊಂದು ಕಾರಿನ ಕಿಟಕಿಯ ಮೇಲೆ ಬೆಲೆ ಮುದ್ರಿಸಿ ಅಂಟಿಸಿದ ಕಾಗದವನ್ನೂ, ಅಂದರೆ ಸ್ಟಿಕರನ್ನೂ, ಸಾವಧಾನವಾಗಿ ಓದಬಹುದು. 2023ರ ಚಳಿಗಾಲದಲ್ಲಿ ಡಾಡ್ಜ್ ಕಂಪನಿಯ ಚಾಲೆಂಜರ್ ಕಾರಿನ ಸ್ಕ್ಯಾಟ್ ಪ್ಯಾಕ್ ಆವೃತ್ತಿಯನ್ನು ಹುಡುಕಲು ಹೊರಟ ನಾನು ಮೊದಲು ಮಾಡಿದ ಕೆಲಸ ಇದೇ. ಎಂಟು ಸಿಲಿಂಡರ್‌ಗಳ 6.4 ಲೀಟರ್ ಹೆಮಿ ವಿ-8 ಎಂಜಿನ್, 485 ಅಶ್ವಶಕ್ತಿ, ಆರು ಗೇರುಗಳ ಮ್ಯಾನುಯಲ್: ನನಗೆ ಬೇಕಾಗಿದ್ದದ್ದು ಇಷ್ಟು. ಇದಕ್ಕೆ ಕಂಪನಿ ಮುದ್ರಿಸಿದ ಬೆಲೆಗಿಂತ ಒಂದು ಡಾಲರ್ ಕೂಡ ಹೆಚ್ಚು ಕೊಡಬಾರದೆಂಬುದು ನನ್ನ ಹಟವಾಗಿತ್ತು. ಕೊನೆಗೆ ಆ ಬೆಲೆಗಿಂತ ಕೆಲವು ಸಾವಿರ ಡಾಲರ್ ಕಡಿಮೆಗೇ ಕಾರು ಮನೆಗೆ ಬಂತು.

ವೃತ್ತಿಯಿಂದ ನಾನು ಮೆಕ್ಯಾನಿಕಲ್ ಎಂಜಿನಿಯರ್. ಇಲ್ಲಿರುವ ಅನೇಕ ಕನ್ನಡಿಗರಂತೆ ನನ್ನ ಅನ್ನವೂ ವಾಹನ ಉದ್ಯಮದಿಂದಲೇ ಹುಟ್ಟುತ್ತದೆ. ಆದರೆ ಈ ಕಾರುಗಳ ಮೇಲಿನ ಮೋಹ ಹುಟ್ಟಿದ್ದು ಕಚೇರಿಯಲ್ಲಲ್ಲ, ವುಡ್‌ವರ್ಡ್ ಅವೆನ್ಯೂ ರಸ್ತೆಯಲ್ಲಿ. ಪ್ರತಿ ಆಗಸ್ಟ್‌ನ ಮೂರನೆಯ ಶನಿವಾರ ಅಲ್ಲಿ ನಡೆಯುವ ಡ್ರೀಮ್ ಕ್ರೂಸ್ ಎಂಬ ಹಳೆಯ ಕಾರುಗಳ ಮೆರವಣಿಗೆಯಲ್ಲಿ 1970ರ ಶೆವೆಲ್ ಎಸ್‌ಎಸ್ 454 ಕಾರೊಂದು ಸಿಗ್ನಲ್‌ನಲ್ಲಿ ನಿಂತು ಗುಡುಗುವುದನ್ನು ಪಕ್ಕದಲ್ಲೇ ನಿಂತು ಕೇಳಿದವರಿಗೆ, ಇಷ್ಟು ದೊಡ್ಡ ಎಂಜಿನ್‌ಗಳನ್ನು ಸಾಮಾನ್ಯ ಸಂಬಳದ ಜನ ಹೇಗೆ ಕೊಂಡರು ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಉತ್ತರ 1964ರ ಪಾಂಟಿಯಾಕ್ ಜಿಟಿಒದಲ್ಲಿದೆ. ಮಧ್ಯಮ ಗಾತ್ರದ ಕಾರುಗಳಲ್ಲಿ ದೊಡ್ಡ ಎಂಜಿನ್ ಇಡಬಾರದೆಂದು ಜನರಲ್ ಮೋಟಾರ್ಸ್ ಸಂಸ್ಥೆ ತನಗೆ ತಾನೇ ಮಿತಿ ಹಾಕಿಕೊಂಡಿತ್ತು. ಆ ಸಂಸ್ಥೆಯದೇ ವಿಭಾಗವಾದ ಪಾಂಟಿಯಾಕ್‌ನ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಅವರ ಸಹೋದ್ಯೋಗಿಗಳು 389 ಘನ ಇಂಚಿನ ಎಂಜಿನ್ನನ್ನು ಹೊಸ ಕಾರೆಂದು ಕರೆಯದೆ, ಟೆಂಪೆಸ್ಟ್ ಲೆಮಾನ್ಸ್ ಕಾರಿಗೆ ಸುಮಾರು 295 ಡಾಲರ್‌ಗಳ ಒಂದು ಆಪ್ಷನ್ ಎಂದು ಮಾರಿದರು. ಕಡಿಮೆ ಹಣಕ್ಕೆ ಹೆಚ್ಚು ಶಕ್ತಿ ಎಂಬುದೇ ‘ಮಸಲ್ ಕಾರು’ ಎನ್ನುವ ಇಂಥ ಕಾರುಗಳ ಹುಟ್ಟುಗುಣ. ಬೆಲೆಯನ್ನು ಬಿಟ್ಟು ಈ ಕಾರುಗಳ ಬಗ್ಗೆ ಮಾತನಾಡುವುದು ನನಗೆ ಅರ್ಧ ಮಾತಿನಂತೆ ಕಾಣುತ್ತದೆ.

ಡೀಲರ್‌ಗಳನ್ನು ಕಂಡರೆ ಕಿಡಿಕಾರುವ ಕಾರುಪ್ರೇಮಿಗಳಿಗೆ ನಾನು ಒಂದು ವಿಷಯವನ್ನು ನೆನಪಿಸಲು ಬಯಸುತ್ತೇನೆ. ಈ ಕಾರುಗಳ ಚರಿತ್ರೆಯಲ್ಲಿ ಡೀಲರ್‌ಗಳ ಪಾಲು ಬಹಳ ದೊಡ್ಡದು. ನನ್ನ ಮನೆಯಿಂದ ದೂರವಿಲ್ಲದ ರಾಯಲ್ ಓಕ್ ಪಟ್ಟಣದ ರಾಯಲ್ ಪಾಂಟಿಯಾಕ್ ಎಂಬ ಡೀಲರ್‌ಶಿಪ್ ಜಿಟಿಒ ಎಂಜಿನ್‌ಗಳನ್ನು ಟ್ಯೂನ್ ಮಾಡಿ ‘ಬಾಬ್‌ಕ್ಯಾಟ್’ ಎಂದು ಮಾರುತ್ತಿತ್ತು. ಪೆನ್ಸಿಲ್ವೇನಿಯಾದ ಕ್ಯಾನನ್ಸ್‌ಬರ್ಗ್‌ನ ಡೀಲರ್ ಡಾನ್ ಯೆಂಕೊ, ಶೆವ್ರೊಲೆ ಕಮಾರೊ ಕಾರಿನಲ್ಲಿ ಕಂಪನಿ ಅಧಿಕೃತವಾಗಿ ಕೊಡಲೊಪ್ಪದ 427 ಘನ ಇಂಚಿನ ಎಂಜಿನ್ನನ್ನು 1969ರಲ್ಲಿ ಕಾರ್ಖಾನೆಯ ವಿಶೇಷ ಆರ್ಡರ್ ಪದ್ಧತಿಯ ಮೂಲಕವೇ ತರಿಸಿಕೊಂಡರು. ಅಂದಿನ ಡೀಲರ್ ಕಾರಿಗೆ ಏನನ್ನಾದರೂ ಸೇರಿಸಿ ಹಣ ಕೇಳುತ್ತಿದ್ದ. ಇಂದು ಏನನ್ನೂ ಸೇರಿಸದೆ ಎರಡನೆಯ ಸ್ಟಿಕರ್ ಅಂಟಿಸಿ ಹಣ ಕೇಳುವುದನ್ನು ನೋಡಿದಾಗ ನನಗೆ ನಿಜವಾಗಿಯೂ ನೋವಾಗುತ್ತದೆ.

ಆ ಮೊದಲ ಸ್ಟಿಕರ್ ಹಿಂದೆ ಒಂದು ಕಾಯ್ದೆಯಿದೆ. ಓಕ್ಲಹೋಮಾದ ಸೆನೆಟರ್ ಮೈಕ್ ಮನ್ರೋನಿ ತಂದ 1958ರ ಆ ಕಾಯ್ದೆಯ ಪ್ರಕಾರ ಪ್ರತಿ ಹೊಸ ಕಾರಿನ ಕಿಟಕಿಯಲ್ಲೂ ಮೂಲ ಬೆಲೆ, ಒಂದೊಂದು ಆಪ್ಷನ್‌ನ ಬೆಲೆ, ಸಾಗಣೆ ವೆಚ್ಚ ಮತ್ತು ಒಟ್ಟು ಮೊತ್ತ ಇರಲೇಬೇಕು. ಕೊಳ್ಳುವವನ ಕೈಗೆ ಕಾರು ಬರುವವರೆಗೆ ಅದನ್ನು ಕೀಳುವಂತಿಲ್ಲ. ಇಲ್ಲಿನವರು ಅದನ್ನು ಇಂದಿಗೂ ಮನ್ರೋನಿ ಎಂದೇ ಕರೆಯುತ್ತಾರೆ. ಆದರೆ ಅದರ ಮೇಲಿರುವುದು ತಯಾರಕರು ಸೂಚಿಸಿದ ಬೆಲೆ ಮಾತ್ರ. ಬಹುತೇಕ ರಾಜ್ಯಗಳ ಕಾನೂನುಗಳು ಡೀಲರ್ ಜಾಲವಿರುವ ಕಂಪನಿಗಳಿಗೆ ನೇರವಾಗಿ ಮಾರಲು ಬಿಡುವುದಿಲ್ಲವಾದ್ದರಿಂದ, ಕಾರನ್ನು ಕಂಪನಿಯಿಂದ ಸಗಟಾಗಿ ಕೊಂಡ ಡೀಲರ್ ತನ್ನ ಸ್ವತ್ತಿಗೆ ತನಗೆ ತೋಚಿದ ಬೆಲೆ ಇಡಬಹುದು. ‘ಮಾರ್ಕೆಟ್ ಅಡ್ಜಸ್ಟ್‌ಮೆಂಟ್’ ಎಂಬ ಒಂದೇ ಸಾಲಿನಲ್ಲಿ ಐದು, ಹತ್ತು, ಇಪ್ಪತ್ತು ಸಾವಿರ ಡಾಲರ್ ಸೇರಿಕೊಳ್ಳುವುದು ಹೀಗೆ.

ಈ ರೋಗ ಹೆಚ್ಚಾಗಿ ಕಾಡುವುದು ಹೆಚ್ಚು ಶಕ್ತಿಯ ಕಾರುಗಳನ್ನೇ. 2015ರ ಮಾಡೆಲ್ ಆಗಿ ಚಾಲೆಂಜರ್‌ನ 707 ಅಶ್ವಶಕ್ತಿಯ ಹೆಲ್‌ಕ್ಯಾಟ್ ಆವೃತ್ತಿ ಸುಮಾರು 60,000 ಡಾಲರ್‌ಗಳಿಗೆ ಬಂದಾಗ ಜಗತ್ತಿನಲ್ಲಿ ಆ ಬೆಲೆಗೆ ಅಷ್ಟು ಶಕ್ತಿ ಇನ್ನೆಲ್ಲೂ ಸಿಗುತ್ತಿರಲಿಲ್ಲ, ಹಾಗಾಗಿ ಡೀಲರ್‌ಗಳು ಅದರ ಮೇಲೆ ಮುಗಿಬಿದ್ದು ಬೆಲೆ ಏರಿಸಿದರು. ಡಾಡ್ಜ್ ಇದನ್ನು ಗಮನಿಸಿತ್ತು. 2018ರಲ್ಲಿ ಚಾಲೆಂಜರ್‌ನ ಡೀಮನ್ ಆವೃತ್ತಿ ಬಂದಾಗ, ತಯಾರಾಗಬೇಕಿದ್ದ 3,300 ಕಾರುಗಳಲ್ಲಿ ಸ್ಟಿಕರ್ ಬೆಲೆಗೆ ಅಥವಾ ಅದಕ್ಕಿಂತ ಕಡಿಮೆಗೆ ಮಾರಾಟವಾದ ಆರ್ಡರ್‌ಗಳನ್ನೇ ಮೊದಲು ಕಟ್ಟಿಕೊಡುವುದಾಗಿ ಪ್ರಕಟಿಸಿತು. ಬೆಲೆಯ ಮೇಲೆ ನೇರ ಹಿಡಿತವಿಲ್ಲದ ಕಂಪನಿ ಸರದಿಯ ಮೇಲಿನ ಹಿಡಿತವನ್ನು ಬಳಸಿದ ಈ ಉಪಾಯ ನನಗೆ ಬಹಳ ಮೆಚ್ಚಿಗೆಯಾಯಿತು. ಚಿಪ್‌ಗಳ ಕೊರತೆಯ 2021 ಮತ್ತು 2022ರಲ್ಲಿ ಮಾತ್ರ ಎಲ್ಲ ಲಗಾಮೂ ಸಡಿಲವಾಯಿತು; ಫೋರ್ಡ್‌ನ ಮುಖ್ಯಸ್ಥ ಜಿಮ್ ಫಾರ್ಲಿ ಹೆಚ್ಚು ಬೆಲೆ ಕೇಳುವ ಡೀಲರ್‌ಗಳಿಗೆ ಬಹಿರಂಗವಾಗಿಯೇ ಎಚ್ಚರಿಕೆ ಕೊಡಬೇಕಾಯಿತು.

2022ರ ಆಗಸ್ಟ್‌ನಲ್ಲಿ ಡಾಡ್ಜ್ ಕಂಪನಿ ತನ್ನ ಚಾಲೆಂಜರ್ ಮತ್ತು ಚಾರ್ಜರ್ ಕಾರುಗಳ ಈ ರೂಪ 2023ರ ಮಾಡೆಲ್‌ಗೆ ಮುಗಿಯುತ್ತದೆಂದು ಸಾರಿತು. ಆ ವರ್ಷದ ಪ್ರತಿಯೊಂದು ಕಾರಿನ ಬಾನೆಟ್ ಅಡಿಯಲ್ಲಿ ‘ಲಾಸ್ಟ್ ಕಾಲ್’ ಎಂದು ಬರೆದ ಒಂದು ಪುಟ್ಟ ಫಲಕವಿದೆ. ಡೀಲರ್‌ಗಳಿಗೆ ಆ ಫಲಕವೇ ಹೆಚ್ಚುವರಿ ಬೆಲೆಯ ಆಧಾರವಾಯಿತು. ಶಿವಮೊಗ್ಗದ ಕಡೆಯ ಕಿರಿಯ ಸಹೋದ್ಯೋಗಿಯೊಬ್ಬ ನನ್ನನ್ನು ಕೇಳಿದ: “ಸರ್, ಇದೇ ಕೊನೆಯ ವಿ-8 ಅಂತಾರೆ. ಐದು ಸಾವಿರ ಹೆಚ್ಚು ಕೊಟ್ಟರೆ ಏನಂತೆ?” ನಾನು ಹೇಳಿದೆ: “ಅಪರೂಪ ಅಂದರೆ ಎಷ್ಟು ತಯಾರಾಗಿದೆ ಅಂತ ನೋಡಬೇಕಪ್ಪ. ಪ್ರತಿ ಬಯಲಿನಲ್ಲೂ ಐದಾರು ನಿಂತಿರುವಾಗ ಯಾವ ಅಪರೂಪ?” ಮುನ್ನೂರು ಮಾತ್ರ ತಯಾರಾದ ವಿಶೇಷ ಆವೃತ್ತಿಯ ಮಾತು ಬೇರೆ, ಸಾಮಾನ್ಯ ಸ್ಕ್ಯಾಟ್ ಪ್ಯಾಕ್‌ನಲ್ಲಿಯೂ ಅದೇ ಫಲಕವಿತ್ತು ಎಂಬುದನ್ನು ಕೊಳ್ಳುವವರು ಗಮನಿಸಬೇಕಿತ್ತು.

ನನ್ನ ಲೆಕ್ಕಾಚಾರವೆಲ್ಲ ನಿಂತದ್ದು ಡೀಲರ್ ಆ ಕಾರನ್ನು ಎಷ್ಟು ಕಾಲದಿಂದ ಇಟ್ಟುಕೊಂಡಿದ್ದಾನೆ ಎಂಬ ಒಂದೇ ಪ್ರಶ್ನೆಯ ಮೇಲೆ. ಬಯಲಿನಲ್ಲಿ ನಿಂತ ಕಾರುಗಳು ಸಾಮಾನ್ಯವಾಗಿ ಸಾಲದ ಮೇಲೆ ನಿಂತಿರುತ್ತವೆ. ಫ್ಲೋರ್ ಪ್ಲಾನ್ ಎಂಬ ಈ ಸಾಲದ ಬಡ್ಡಿ ದಿನವೂ ಬೆಳೆಯುತ್ತದೆ. 2023ರ ಜುಲೈ ಹೊತ್ತಿಗೆ ಅಮೆರಿಕದ ಫೆಡರಲ್ ರಿಸರ್ವ್ ಬಡ್ಡಿದರವನ್ನು 5.25ರಿಂದ 5.50 ಶೇಕಡಾ ಮಟ್ಟಕ್ಕೆ ಏರಿಸಿದ್ದರಿಂದ, ಮಾರಾಟವಾಗದ ಐವತ್ತು ಸಾವಿರ ಡಾಲರ್‌ಗಳ ಕಾರು ಡೀಲರ್‌ಗೆ ತಿಂಗಳಿಗೆ ಇನ್ನೂರು ಡಾಲರ್‌ಗಳಿಗೂ ಹೆಚ್ಚು ಹೊರೆಯಾಗುತ್ತಿತ್ತು. ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ ಹೋಗುವ, ಬೇಸಿಗೆಯ ಟೈರುಗಳ ಮೇಲೆ ನಿಂತ, ಕ್ಲಚ್ ಇರುವ ಕಾರನ್ನು ಮಿಶಿಗನ್‌ನ ಜನವರಿಯ ಹಿಮದಲ್ಲಿ ಕೊಳ್ಳುವವರು ಕಡಿಮೆ. ನನಗೆ ಬೇಕಾಗಿದ್ದದ್ದು ಅಂಥದ್ದೇ ಕಾರು, ಅಂಥದ್ದೇ ಕಾಲ.

ಕಾರಿನ ವಯಸ್ಸನ್ನು ತಿಳಿಯುವುದು ಕಷ್ಟವಲ್ಲ. ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಮೇಲಿನ ಲೇಬಲ್‌ನಲ್ಲಿ ತಯಾರಾದ ತಿಂಗಳು ಮತ್ತು ವರ್ಷ ಇರುತ್ತದೆ. ಬಾಗಿಲು ತೆರೆಯಲಾಗದಿದ್ದರೆ ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿಗಳನ್ನು ಓದಬೇಕು: ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. ಜೊತೆಗೆ ಗಾಜಿನ ಕೆಳಗಿನ ಮೂಲೆಯಲ್ಲಿ ಕಾಣುವ ಹದಿನೇಳು ಅಕ್ಷರ-ಅಂಕಿಗಳ ವಿಐಎನ್ ಎಂಬ ಕಾರಿನ ಗುರುತುಸಂಖ್ಯೆಯನ್ನು ಬರೆದುಕೊಳ್ಳುತ್ತಿದ್ದೆ. ಚಾಲೆಂಜರ್‌ನ ಸಂಖ್ಯೆ 2ರಿಂದ ಶುರುವಾಗುತ್ತದೆ, ಏಕೆಂದರೆ ಅಮೆರಿಕದ ಹೆಮ್ಮೆಯ ಈ ಕಾರನ್ನು ಜೋಡಿಸುತ್ತಿದ್ದದ್ದು ಕೆನಡಾದ ಬ್ರಾಂಪ್ಟನ್‌ನಲ್ಲಿ. ಎಂಜಿನ್ ಬರುತ್ತಿದ್ದದ್ದು ಮೆಕ್ಸಿಕೊದಿಂದ. ಸ್ಟಿಕರ್‌ನ ಒಂದು ಮೂಲೆಯಲ್ಲಿ ಇದೂ ಮುದ್ರಿತವಾಗಿರುತ್ತದೆ. ವಿಐಎನ್ ಕೈಯಲ್ಲಿದ್ದರೆ ಕಂಪನಿಯ ಮೂಲ ಸ್ಟಿಕರ್‌ನ ಪ್ರತಿಯನ್ನು ಅಂತರ್ಜಾಲದಿಂದಲೇ ಪಡೆಯಬಹುದಿತ್ತು, ಮತ್ತು ಅದೇ ಕಾರು ಡೀಲರ್‌ನ ಜಾಹೀರಾತಿನಲ್ಲಿ ಎಂದಿನಿಂದ ಕಾಣಿಸಿಕೊಂಡಿದೆ, ಬೆಲೆ ಎಷ್ಟು ಬಾರಿ ಇಳಿದಿದೆ ಎಂಬುದನ್ನು ಪತ್ತೆಹಚ್ಚಬಹುದಿತ್ತು. ಬೇಸಿಗೆಯಲ್ಲಿ ತಯಾರಾಗಿ ಚಳಿಗಾಲದವರೆಗೂ ಕದಲದ ಕಾರುಗಳನ್ನಷ್ಟೇ ನನ್ನ ಪಟ್ಟಿಯಲ್ಲಿ ಉಳಿಸಿಕೊಂಡೆ. ಬ್ರಾಂಪ್ಟನ್‌ನಲ್ಲಿ ಕೊನೆಯ ಚಾಲೆಂಜರ್ ಹೊರಬಂದದ್ದು 2023ರ ಡಿಸೆಂಬರ್‌ನಲ್ಲಿ. ಆ ಸುದ್ದಿಯಿಂದ ಬೆಲೆ ಜಿಗಿಯುತ್ತದೆಂದು ಕೆಲವರು ಹೆದರಿಸಿದರು. ನನ್ನ ಪಟ್ಟಿಯ ಕಾರುಗಳು ಮಾತ್ರ ಜನವರಿಯಲ್ಲೂ ನಿಂತಲ್ಲೇ ನಿಂತಿದ್ದವು, ಅವುಗಳ ಬೆಲೆ ಇನ್ನಷ್ಟು ಇಳಿದಿತ್ತು.

ಆಮೇಲೆ ಮಿಶಿಗನ್, ಒಹಾಯೊ ಮತ್ತು ಇಂಡಿಯಾನಾದ ಡೀಲರ್‌ಗಳಿಗೆ ಒಂದೇ ಒಕ್ಕಣೆಯ ಇ-ಮೇಲ್ ಬರೆದೆ. ವಿಐಎನ್ ನಮೂದಿಸಿ, ತೆರಿಗೆ, ನೋಂದಣಿ, ಡಾಕ್ಯುಮೆಂಟ್ ಶುಲ್ಕ, ಡೀಲರ್ ಹಾಕಿಸಿದ ಸಾಮಾನು ಎಲ್ಲವೂ ಸೇರಿ ನಾನು ಕೊನೆಗೆ ಬರೆಯಬೇಕಾದ ಚೆಕ್ಕಿನ ಮೊತ್ತವೆಷ್ಟು, ಅಂದರೆ ಇಲ್ಲಿನವರು ‘ಔಟ್ ದ ಡೋರ್’ ಎನ್ನುವ ಬೆಲೆ ಎಷ್ಟು, ಎಂದು ಬರಹದಲ್ಲಿ ಕೇಳಿದೆ. “ಒಮ್ಮೆ ಬಂದು ಹೋಗಿ, ಕುಳಿತು ಮಾತಾಡೋಣ” ಎಂದವರನ್ನು ಬಿಟ್ಟುಬಿಟ್ಟೆ. ಒಟ್ಟು ಮೊತ್ತವನ್ನೇ ಕೇಳುವುದಕ್ಕೆ ಕಾರಣವಿದೆ. ಕಾರಿನ ಬೆಲೆಯನ್ನು ಸ್ಟಿಕರ್‌ಗಿಂತ ಕೆಳಗೆ ತೋರಿಸಿ, ಟೈರಿಗೆ ನೈಟ್ರೋಜನ್, ಗಾಜಿನ ಮೇಲೆ ವಿಐಎನ್ ಕೆತ್ತನೆ, ಬಣ್ಣಕ್ಕೆ ರಕ್ಷಾಲೇಪ ಎಂದು ಕಳೆದುಕೊಂಡದ್ದನ್ನೆಲ್ಲ ವಾಪಸ್ಸು ಸೇರಿಸುವುದು ಹಳೆಯ ಪದ್ಧತಿ. ನಾವು ಉಸಿರಾಡುವ ಗಾಳಿಯಲ್ಲೇ ಶೇಕಡಾ 78 ನೈಟ್ರೋಜನ್ ಇರುವಾಗ ಅದಕ್ಕೆ ಇನ್ನೂರು ಡಾಲರ್ ಕೊಡುವುದರಲ್ಲಿ ಅರ್ಥವಿಲ್ಲ. ಡಾಕ್ಯುಮೆಂಟ್ ಶುಲ್ಕವೂ ರಾಜ್ಯದಿಂದ ರಾಜ್ಯಕ್ಕೆ ಬೇರೆ: ಕ್ಯಾಲಿಫೋರ್ನಿಯಾದಲ್ಲಿ ಅದು 85 ಡಾಲರ್ ದಾಟುವಂತಿಲ್ಲ, ಮಿಶಿಗನ್‌ನಲ್ಲಿಯೂ ಮಿತಿಯಿದೆ, ಫ್ಲೋರಿಡಾದಲ್ಲಿ ಮಿತಿಯೇ ಇಲ್ಲ. ದೂರದ ರಾಜ್ಯದಲ್ಲಿ ಅಗ್ಗವೆಂದು ಕಂಡ ಕಾರು ಈ ಒಂದು ಸಾಲಿನಿಂದಲೇ ದುಬಾರಿಯಾಗಬಹುದು.

ಬಂದ ಉತ್ತರಗಳು ಕಣ್ಣು ತೆರೆಸುವಂತಿದ್ದವು. ಹೆಚ್ಚುಕಡಿಮೆ ಒಂದೇ ಸ್ಟಿಕರ್ ಬೆಲೆಯ, ಸುಮಾರು 55,000 ಡಾಲರ್‌ಗಳ ಎರಡು ಕಾರುಗಳ ನಡುವೆ ಏಳೆಂಟು ಸಾವಿರದ ಅಂತರವಿತ್ತು. ಒಬ್ಬರು ಐದು ಸಾವಿರ ಮೇಲೆ ಕೇಳಿದರೆ, ಗಂಟೆಯ ಪ್ರಯಾಣದಷ್ಟು ದೂರದ ಇನ್ನೊಬ್ಬರು ಸ್ಟಿಕರ್‌ಗಿಂತ ಕೆಳಗಿನಿಂದಲೇ ಮಾತು ಶುರುಮಾಡಿದರು. ಎರಡನೆಯವರ ಬಳಿ ಅದೇ ತಿಂಗಳು ಕಂಪನಿ ಪ್ರಕಟಿಸಿದ ರಿಯಾಯಿತಿಯೂ ಪ್ರತ್ಯೇಕವಾಗಿ ಸೇರಿದೆಯೇ ಎಂದು ಕೇಳಿ ಖಚಿತಪಡಿಸಿಕೊಂಡೆ. ಕಂಪನಿ ಕೊಡುವ ರಿಯಾಯಿತಿಯನ್ನೇ ತಾನು ಇಳಿಸಿದ ಬೆಲೆಯೆಂದು ತೋರಿಸುವ ಡೀಲರ್‌ಗಳೂ ಇದ್ದಾರೆ.

ಕೊನೆಯ ಮಾತುಕತೆ ನಡೆಯುವುದು ಫೈನಾನ್ಸ್ ಕೋಣೆಯಲ್ಲಿ. ಡೀಲರ್ ಬ್ಯಾಂಕಿನಿಂದ ತರುವ ಬಡ್ಡಿದರದ ಮೇಲೆ ತನ್ನ ಪಾಲನ್ನು ಸೇರಿಸಿ ನಮಗೆ ಹೇಳಬಹುದು, ಹಾಗಾಗಿ ಸಹಕಾರಿ ಬ್ಯಾಂಕಿನಂಥ ನನ್ನ ಕ್ರೆಡಿಟ್ ಯೂನಿಯನ್‌ನಿಂದ ಸಾಲದ ಮಂಜೂರಾತಿ ಪತ್ರವನ್ನು ಮೊದಲೇ ಕೈಯಲ್ಲಿಟ್ಟುಕೊಂಡಿದ್ದೆ. ಅದನ್ನು ಮೇಜಿನ ಮೇಲಿಟ್ಟ ಮೇಲೆ ಅವರೇ ಅದಕ್ಕಿಂತ ಕಡಿಮೆ ದರ ತಂದುಕೊಟ್ಟರು. ತಿಂಗಳ ಕಂತು ಎಷ್ಟಾದರೆ ಅನುಕೂಲ ಎಂಬ ಪ್ರಶ್ನೆಗೆ ನಾನು ಉತ್ತರಿಸಲೇ ಇಲ್ಲ, ಏಕೆಂದರೆ ಸಾಲದ ಅವಧಿಯನ್ನು ಎಳೆದರೆ ಯಾವ ಬೆಲೆಯನ್ನಾದರೂ ಹಗುರವಾದ ಕಂತಾಗಿ ತೋರಿಸಬಹುದು.

ಸಹಿ ಹಾಕುವ ಮುನ್ನ ಕಾರನ್ನು ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ, ಬಾನೆಟ್ ಎತ್ತಿ ಕೇಳಿದೆ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಬ್ಯಾಟರಿ ಸೊರಗಿರುತ್ತದೆ, ಟೈರುಗಳು ನೆಲಕ್ಕೆ ಒತ್ತಿದ ಜಾಗದಲ್ಲಿ ಚಪ್ಪಟೆಯಾಗಿರುತ್ತವೆ, ಬ್ರೇಕ್ ಡಿಸ್ಕ್‌ಗಳ ಮೇಲೆ ತುಕ್ಕು ಕೂತಿರುತ್ತದೆ. ಹೊಸ ಬ್ಯಾಟರಿಯನ್ನು ಬಿಲ್ಲಿಗೆ ಸೇರಿಸದೆ ಹಾಕಿಕೊಡಬೇಕೆಂದು ಬರೆಸಿಕೊಂಡೆ. ಮ್ಯಾನುಯಲ್ ಸ್ಕ್ಯಾಟ್ ಪ್ಯಾಕ್‌ನಲ್ಲಿ ಇಂಧನ ಉಳಿಸಲು ನಾಲ್ಕು ಸಿಲಿಂಡರ್‌ಗಳನ್ನು ಮಲಗಿಸುವ ವ್ಯವಸ್ಥೆ ಇಲ್ಲ. ಎಂಟೂ ಸಿಲಿಂಡರ್‌ಗಳು ಸದಾ ದುಡಿಯುತ್ತವೆ, ಐಡಲ್‌ನಲ್ಲಿ ಆ ನಾದ ಎದೆಗೇ ತಾಗುತ್ತದೆ. ನಾನು ಈ ಕಾರನ್ನು ಆರಿಸಿದ್ದಕ್ಕೆ ಮುಖ್ಯ ಕಾರಣ ಅದು.

ಹೆಚ್ಚು ಶಕ್ತಿಯ ಕಾರು ಕೊಳ್ಳುವವರು ಒಂದು ತೆರಿಗೆಯನ್ನೂ ತಿಳಿದಿರಬೇಕು. ಗ್ಯಾಲನ್‌ಗೆ ಸರಾಸರಿ 22.5 ಮೈಲಿಗಿಂತ ಕಡಿಮೆ ಕೊಡುವ ಕಾರುಗಳ ಮೇಲೆ 1978ರ ಕಾಯ್ದೆಯ ಪ್ರಕಾರ 1,000ರಿಂದ 7,700 ಡಾಲರ್‌ವರೆಗೆ ತೆರಿಗೆಯಿದೆ. ಹೆಲ್‌ಕ್ಯಾಟ್ ಸ್ಟಿಕರ್‌ಗಳಲ್ಲಿ ಇದು ಬೇರೆಯೇ ಸಾಲಾಗಿ ಕಾಣುತ್ತದೆ. ಆದರೆ ಪಿಕಪ್‌ಗಳಿಗೆ ಇದು ಅನ್ವಯಿಸುವುದಿಲ್ಲವಾದ್ದರಿಂದ, ಹೆಲ್‌ಕ್ಯಾಟ್ ಎಂಜಿನ್ನನ್ನೇ ಹೊತ್ತು ಇನ್ನೂ ಹೆಚ್ಚು ಪೆಟ್ರೋಲ್ ಕುಡಿಯುವ 702 ಅಶ್ವಶಕ್ತಿಯ ರ‍್ಯಾಮ್ ಟಿಆರ್‌ಎಕ್ಸ್‌ಗೆ ಆ ತೆರಿಗೆ ಬೀಳಲಿಲ್ಲ. ಇದು ನನಗೆ ಅನ್ಯಾಯವೆಂದೇ ತೋರುತ್ತದೆ. ವಿಮೆಯ ಅಂದಾಜನ್ನೂ ಕಾರು ಕೊಳ್ಳುವ ಮೊದಲೇ ವಿಐಎನ್ ಕೊಟ್ಟು ಪಡೆಯಬೇಕು. ಮಿಶಿಗನ್‌ನಲ್ಲಂತೂ ಅದು ಸಣ್ಣ ಮೊತ್ತವಲ್ಲ.

ಬೆಂಗಳೂರಿನ ಬಂಧುಗಳು ಇಂಥ ಕಾರು ಅಲ್ಲಿಗೆ ತರಬಹುದೇ ಎಂದು ಕೇಳುತ್ತಾರೆ. ಚಾಲೆಂಜರ್ ಎಡಗೈ ಸ್ಟಿಯರಿಂಗ್‌ನಲ್ಲಿ ಮಾತ್ರ ತಯಾರಾಯಿತು. ಬಲಗೈ ಸ್ಟಿಯರಿಂಗ್‌ನಲ್ಲಿ ಬಂದ ಮಸ್ಟಾಂಗ್ ಜಿಟಿಯನ್ನು ಫೋರ್ಡ್ 2016ರಲ್ಲಿ ಭಾರತದಲ್ಲಿ ಸುಮಾರು 65 ಲಕ್ಷ ರೂಪಾಯಿಗಳಿಗೆ ಬಿಡುಗಡೆ ಮಾಡಿತ್ತು, ಅದರ ಮೇಲೆ ಕರ್ನಾಟಕದ ರಸ್ತೆ ತೆರಿಗೆ ಬೇರೆ. ಇಲ್ಲಿ ಸಾಮಾನ್ಯ ಎಂಜಿನಿಯರ್ ಕೊಳ್ಳಬಹುದಾದ ಕಾರು ಅಲ್ಲಿ ಐಷಾರಾಮಿ ವಸ್ತುವಾಗಿಬಿಡುತ್ತದೆ.

ಕಮಾರೊ ಮತ್ತು ಚಾಲೆಂಜರ್ ಎರಡರ ತಯಾರಿಕೆಯೂ ನಿಂತ ಮೇಲೆ ಹೊಸದಾಗಿ ಸಿಗುವ, ಕೈಗೆಟುಕುವ, ಎರಡು ಬಾಗಿಲಿನ ವಿ-8 ಕೂಪೆ ಎಂದರೆ 480 ಅಶ್ವಶಕ್ತಿಯ ಮಸ್ಟಾಂಗ್ ಜಿಟಿ. ಅದನ್ನು ಹುಡುಕುತ್ತಿರುವ ಅದೇ ಶಿವಮೊಗ್ಗದ ಹುಡುಗನಿಗೆ ನನ್ನ ಇ-ಮೇಲ್ ಒಕ್ಕಣೆಯನ್ನು ಕೊಟ್ಟಿದ್ದೇನೆ. ಹಿಮ ಬೀಳಲಿ ಎಂದು ಅವನು ಕಾಯುತ್ತಿದ್ದಾನೆ.