ಸುಳಿವಿನ ಮಾತು ನಂಬಬೇಡಿ: ಒಗಟಿನ ಪದಬಂಧ ಬಿಡಿಸುವುದು ಹೀಗೆ

'ತುಂಗೆ ಹಿಂದಕ್ಕೆ ಹರಿದರೆ 24 ಗಂಟೆ (2)'

ಶಿವಮೊಗ್ಗದವರು ಇದನ್ನು ಓದಿದರೆ ಗಾಜನೂರು ಅಣೆಕಟ್ಟೆ, ಮಳೆಗಾಲದಲ್ಲಿ ಮುಳುಗುವ ಹೊಳೆ ಮಧ್ಯದ ಮಂಟಪ ಎಲ್ಲ ಕಣ್ಮುಂದೆ ಬರುತ್ತದೆ. ಬರಲಿ ಅಂತಲೇ ಹಾಗೆ ಬರೆದಿರುವುದು. ಉತ್ತರಕ್ಕೂ ಮಳೆಗೂ ಸಂಬಂಧವಿಲ್ಲ. ತುಂಗೆ ಒಂದು ನದಿ. 'ನದಿ'ಯನ್ನು ಹಿಂದಿನಿಂದ ಓದಿ: 'ದಿನ'. ದಿನಕ್ಕೆ 24 ಗಂಟೆ. ಆವರಣದ 2 ಅಂದರೆ ಉತ್ತರಕ್ಕೆ ಎರಡು ಅಕ್ಷರ. ಅಷ್ಟೇ.

ಪದಬಂಧ ಮೊದಲು ಅಚ್ಚಾದದ್ದು 1913ರ ಡಿಸೆಂಬರ್ 21ರಂದು, 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ. ಮಾಡಿದವರು ಆರ್ಥರ್ ವಿನ್. ಅಲ್ಲಿ ಸುಳಿವೆಂದರೆ ನೇರ ಅರ್ಥ. ಅದಕ್ಕೆ ಒಗಟಿನ ವೇಷ ಹಾಕಿದ್ದು 1920ರ ದಶಕದ ಇಂಗ್ಲೆಂಡಿನವರು. ನಮಗೇನೂ ಇದು ಹೊಸದಲ್ಲ ಬಿಡಿ. ಬೆಡಗಿನ, ಅಂದರೆ ಒಗಟಿನಂಥ ವಚನಗಳ ಅಲ್ಲಮ ಇಲ್ಲೇ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯವನು ಎನ್ನುತ್ತಾರೆ.

ಬಿಡಿಸಲು ಕೂತಾಗ ಮೊದಲ ಕೆಲಸ, ಸುಳಿವನ್ನು ಎರಡು ಭಾಗ ಮಾಡುವುದು. ಒಂದು ಭಾಗ ಉತ್ತರದ ನೇರ ಅರ್ಥ. ಇನ್ನೊಂದು ಭಾಗ ಅಕ್ಷರಗಳ ಆಟ. ನೇರ ಅರ್ಥ ಸುಳಿವಿನ ಶುರುವಿನಲ್ಲಿರುತ್ತದೆ, ಇಲ್ಲವೇ ಕೊನೆಯಲ್ಲಿ. ನಡುವೆ ಇರುವುದಿಲ್ಲ. ಹಾಗಾಗಿ ಎರಡೂ ತುದಿ ನೋಡಿ, ಸಂಶಯ ಬಂದ ಕಡೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಮೇಲಿನ ಸುಳಿವಿನಲ್ಲಿ '24 ಗಂಟೆ' ನೇರ ಅರ್ಥ, ಉಳಿದದ್ದು ಆಟ.

ಆಮೇಲೆ ಹುಡುಕಬೇಕಾದದ್ದು ಏನು ಮಾಡಬೇಕೆಂದು ಹೇಳುವ ಪದವನ್ನು. 'ಹಿಂದಕ್ಕೆ', 'ವಾಪಸ್', 'ತಿರುಗಿ' ಅಂದರೆ ಉಲ್ಟಾ ಓದಿ. 'ವಾಪಸ್ ಹೋದ ಮಂಗ ಕೋಗಿಲೆಯಾಯಿತು (2)' ಅಂದರೆ ಕಪಿ ತಿರುಗಿ ಪಿಕ. (ತೋಟಕ್ಕೆ ಬಂದ ಮಂಗ ಹೀಗೆ ಸುಲಭವಾಗಿ ವಾಪಸ್ ಹೋಗುವುದು ಪದಬಂಧದಲ್ಲಿ ಮಾತ್ರ.)

ಇಲ್ಲಿ ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಇಂಗ್ಲಿಷಿನಲ್ಲಿ ಒಂದು ಮನೆಗೆ ಒಂದು ಲೆಟರ್. ನಮ್ಮಲ್ಲಿ ಒಂದು ಮನೆಗೆ ಒಂದು ಪೂರ್ತಿ ಅಕ್ಷರ, ಅದರ ಗುಣಿತ, ಒತ್ತು ಎಲ್ಲ ಸೇರಿ. ಅಕ್ಷರ ಜಾಗ ಬದಲಿಸಿದರೂ ಗುಡಿಸು, ಕೊಂಬು ಅದರ ಜೊತೆಗೇ ಹೋಗುತ್ತವೆ. ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಅದಕ್ಕೇ ಇಂಗ್ಲಿಷಿನಲ್ಲಿ ಜಾಸ್ತಿ ಕಾಣುವ 'ಸದ್ದು ಒಂದೇ, ಬರೆಯುವುದು ಬೇರೆ' ಎಂಬ ಆಟ ನಮಗೆ ಅಷ್ಟಾಗಿ ದಕ್ಕುವುದಿಲ್ಲ. ಕತ್ತರಿಸುವ ಆಟಕ್ಕೆ ಮಾತ್ರ ನಮ್ಮ ಅಕ್ಷರಗಳು ಹೇಳಿ ಮಾಡಿಸಿದ ಹಾಗಿವೆ.

'ಸಮರ' ಪದವನ್ನೇ ತೆಗೆದುಕೊಳ್ಳಿ. 'ಯುದ್ಧದಲ್ಲಿ ತಲೆ ಹೋದರೆ ವೃಕ್ಷ (2)': ಸಮರದ ಮೊದಲಕ್ಷರ ಹೋಯಿತು, ಮರ ಉಳಿಯಿತು. 'ಯುದ್ಧದ ಹೊಟ್ಟೆ ಬಗೆದರೆ ಕೊರಳಿಗೊಂದು ಒಡವೆ (2)': ನಡುವಿನ ಮ ತೆಗೆಯಿರಿ, ಸರ. 'ಬಾಲ ಕತ್ತರಿಸಿದ ಯುದ್ಧದಲ್ಲಿ ಇಬ್ಬರಿಗೂ ಒಂದೇ ಅಳತೆ (2)': ಕೊನೆಯ ರ ಹೋದರೆ ಸಮ. ಒಂದೇ ಪದ, ಮೂರು ಕಡೆ ಕತ್ತರಿ, ಮೂರೂ ಕಡೆ ಅರ್ಥ. ಆದರೆ ಮೂರನೆಯದನ್ನು ನಾನು ಒಪ್ಪುವುದಿಲ್ಲ. 'ಇಬ್ಬರಿಗೂ' ಅಲ್ಲಿ ಸುಮ್ನೆ ಕೂತಿದೆ, ಅದಕ್ಕೆ ಕೆಲಸವಿಲ್ಲ. 'ಬಾಲ ಕತ್ತರಿಸಿದ ಯುದ್ಧ ಸರಿಜೋಡಿ' ಅಂದಿದ್ದರೆ ಸಾಕಿತ್ತು.

ಒಳ್ಳೆಯ ಸುಳಿವಿನ ಗುರುತೇ ಅದು. ಉತ್ತರ ಹೊಳೆದ ಮೇಲೆ ಸುಳಿವಿನ ಪ್ರತಿ ಪದವೂ ಲೆಕ್ಕ ಒಪ್ಪಿಸಬೇಕು. ಬಿಡಿಸುವವರಿಗೂ ಇದೇ ನಿಯಮ. ಮನೆಗಳಿಗೆ ಸರಿಹೊಂದಿತು ಅಂತ ಬರೆದುಬಿಡಬೇಡಿ. ಈ ಪದ ಅರ್ಥ, ಈ ಪದ ಸಾಮಗ್ರಿ, ಈ ಪದ ಆಜ್ಞೆ ಎಂದು ಪಕ್ಕದವರಿಗೆ ಬಿಡಿಸಿ ಹೇಳಲು ಬಂದರೆ ಮಾತ್ರ ಪೆನ್ನು. ಅಲ್ಲಿಯವರೆಗೆ ಪೆನ್ಸಿಲ್.

'ಮರದ ಅಡಿ ಕೆದಕಿದಾಗ ನಡುವೆ ಸಿಕ್ಕ ತೋಟದ ಬೆಳೆ (3)'. ಗೆಡ್ಡೆಗೆಣಸು ಅಂತ ತಲೆ ಕೆಡಿಸಿಕೊಳ್ಳುವ ಮೊದಲು ಲೆಕ್ಕ ಕೇಳಿ. 'ತೋಟದ ಬೆಳೆ' ಅರ್ಥ. 'ನಡುವೆ ಸಿಕ್ಕ' ಆಜ್ಞೆ. ಹಾಗಾದರೆ ಉತ್ತರ ಉಳಿದ ಪದಗಳ ಒಳಗೇ ಅವಿತಿರಬೇಕು. ಪದಗಳ ನಡುವಿನ ಜಾಗ ಮರೆತು ಓದಿ: ಮರದಅಡಿಕೆದಕಿದಾಗ. ಅಡಿಕೆ! ಮಲೆನಾಡಿನವರಿಗೆ ಇದನ್ನು ಹುಡುಕಿಕೊಟ್ಟರೆ ನಗುತ್ತಾರೆ, ಅಲ್ವಾ?

ಪದಕ್ಕೆ ಪದ ಜೋಡಿಸುವ ಸುಳಿವು ಇದಕ್ಕಿಂತ ಸುಲಭ. 'ಬೇಟೆಗೆ ಊರು ಸೇರಿದರೆ ಅಕ್ಕನ ತಾಲ್ಲೂಕು (5)': ಶಿಕಾರಿಗೆ ಪುರ ಸೇರಿ ಶಿಕಾರಿಪುರ. ಅಕ್ಕ ಅಂದರೆ ನಿಮ್ಮಕ್ಕ ಅಲ್ಲ, ಉಡುತಡಿಯ ಅಕ್ಕಮಹಾದೇವಿ. ಒಂದೇ ಉತ್ತರಕ್ಕೆ ಎರಡು ಅರ್ಥ ಕೊಡುವ ಸುಳಿವೂ ಉಂಟು. 'ಶಿವಮೊಗ್ಗ ಜಿಲ್ಲೆಯ ಊರೇ ಕಡಲು (3)' ಅಂದರೆ ಸಾಗರ. ಇಂಥದ್ದರಲ್ಲಿ ಆಜ್ಞೆಯ ಪದವೇ ಇರುವುದಿಲ್ಲ. ಸುಳಿವು ತೀರಾ ಚಿಕ್ಕದಾಗಿದ್ದರೆ ಮೊದಲು ಈ ಜಾತಿಯೇ ಇರಬೇಕೆಂದು ಅನುಮಾನಿಸಿ.

ಇನ್ನು ಕಲಸುವ ಆಟ. 'ಮಾವಿನ ಬುಟ್ಟಿ ಉರುಳಿದ್ದೇ ಸೋಗಾನೆಯಲ್ಲಿ ಇಳಿಯಿತು (3)'. ಬುಟ್ಟಿ ಉರುಳಿದರೆ ಒಳಗಿನದು ಚೆಲ್ಲಾಪಿಲ್ಲಿ. 'ಮಾವಿನ' ಎಂಬ ಮೂರು ಅಕ್ಷರ ಕಲಸಿದರೆ 'ವಿಮಾನ'. ಶಿವಮೊಗ್ಗದ ವಿಮಾನ ನಿಲ್ದಾಣ ಇರುವುದು ಸೋಗಾನೆಯಲ್ಲೇ, 2023ರಿಂದ. 'ಎಡವಟ್ಟು', 'ಗೊಂದಲ', 'ಚದುರಿ', 'ಕುಣಿದು' ಮುಂತಾದ ಪದ ಕಂಡರೆ ಪಕ್ಕದ ಪದದ ಅಕ್ಷರ ಎಣಿಸಿ. ಆವರಣದ ಸಂಖ್ಯೆಗೆ ತಾಳೆಯಾದರೆ ಅದನ್ನೇ ಕಲಸಬೇಕೆಂದು ಅರ್ಥ. ಅಕ್ಷರಗಳನ್ನು ಸಾಲಾಗಿ ಬರೆಯಬೇಡಿ, ದುಂಡಗೆ ಬರೆಯಿರಿ. ಹಳೆಯ ಪದ ಕಣ್ಣಿಗೆ ಅಡ್ಡ ಬರುವುದಿಲ್ಲ.

ಸ ರಿ ಗ ಮ ಪ ಧ ನಿ (ಷಡ್ಜ, ರಿಷಭ, ಗಾಂಧಾರ, ಮಧ್ಯಮ, ಪಂಚಮ, ಧೈವತ, ನಿಷಾದ) ಕೂಡ ತಿಳಿದಿರಲಿ. ಒಂದೇ ಅಕ್ಷರ ಬೇಕಾದಾಗ ಸುಳಿವು ಬರೆಯುವವರಿಗೆ ಸ್ವರಗಳು ಕೈಗೆಟಕುವ ಸರಕು. 'ಸಾರದೊಳಗೆ ಗಾಂಧಾರ ಬಂದರೆ ಸಮುದ್ರ (3)' ಎಂದು ಬರೆದರೆ ಮತ್ತೆ ಅದೇ ಸಾಗರ: ಸಾ ಮತ್ತು ರ ನಡುವೆ ಗ.

ಈ ವಾರಕ್ಕೆ ನಿಮಗೊಂದು. ಇದರಲ್ಲಿ ಕಲಸುವುದೂ ಇದೆ, ಸ್ವರವೂ ಇದೆ: 'ಕಾತರ ಚದುರಿ ರಿಷಭ ಸೇರಿದರೆ ಸಂತೆಯಲ್ಲಿ ಕೊಳ್ಳುವುದು (4)'.